ಕಡ ಕೊಟ್ಟ ಪೀರಿಯಡ್ಡು

ನಮ್ಮ ಹೈಸ್ಕೂಲಿನ ಆಫೀಸು ರೂಮಿನ ಹೊರಗೋಡೆಯಲ್ಲಿ ಒಂದು ವೇಳಾಪಟ್ಟಿ ತೂಗುಹಾಕಿತ್ತು. ದಪ್ಪ ಡ್ರಾಯಿಂಗ್ ಹಾಳೆ, ಕೆಂಪು ಶಾಯಿಯ ಗೆರೆ, ಕಪ್ಪು ಇಂಡಿಯನ್ ಇಂಕಿನ ಅಕ್ಷರ, ನಾಲ್ಕೂ ಮೂಲೆಗೆ ಒಂದೊಂದು ಬಳ್ಳಿ. 'ಗಣಿತ', 'ವಿಜ್ಞಾನ', 'ಹಿಂದಿ' ಎಲ್ಲವೂ ಒಂದೇ ಅಳತೆಯ ಸಾದಾ ಅಕ್ಷರದಲ್ಲಿ ಶಿಸ್ತಾಗಿ ಕೂತಿದ್ದವು. ನಮ್ಮ ಒಂಬತ್ತನೇ ಕ್ಲಾಸು 'ಬಿ' ಸೆಕ್ಷನ್ನಿನ ಸಾಲಿನಲ್ಲಿ ಮಾತ್ರ ವಾರಕ್ಕೆ ಎರಡು ಕಡೆ 'ಚಿತ್ರಕಲೆ' ಎಂದಿತ್ತು. ಆ 'ತ್ರ'ದ ಒತ್ತಿಗೆ ಒಂದು ಚೂರು ಬಾಲ ಬಂದು ಅದು ಪಕ್ಕದ ಗಣಿತದ ಮನೆಯೊಳಕ್ಕೆ ಇಣುಕುತ್ತಿತ್ತು. ಇಡೀ ಪಟ್ಟಿಯನ್ನು ಬರೆದವರು ಡ್ರಾಯಿಂಗ್ ಮೇಷ್ಟ್ರೇ ಆದ್ದರಿಂದ ಅಷ್ಟು ಸ್ವಾರ್ಥವನ್ನು ಕ್ಷಮಿಸಬಹುದು. ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದವಾಗಿ ಬರೆದಿದ್ದ ಪದ ಅದು. ಎಲ್ಲಕ್ಕಿಂತ ಕಮ್ಮಿ ನಡೆಯುತ್ತಿದ್ದ ಕ್ಲಾಸೂ ಅದೇ.

ಸೋಮವಾರ ಐದನೇ ಪೀರಿಯಡ್ಡು, ಗುರುವಾರ ಏಳನೆಯದು. ಮೇಷ್ಟ್ರು ಬಂದು, ಬಣ್ಣದ ಸೀಮೆಸುಣ್ಣದ ಡಬ್ಬಿ ತೆಗೆದು, ಬೋರ್ಡಿನ ಮೇಲೆ ಇನ್ನೇನು ಮಾವಿನಕಾಯಿಯ ಮೊದಲ ಗೆರೆ ಎಳೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಲೆಕ್ಕದ ಮೇಷ್ಟ್ರ ನೆರಳು ಬೀಳುತ್ತಿತ್ತು.

"ಸಾರ್, ಪೋರ್ಷನ್ನು ಹಿಂದೆ ಬಿದ್ಬಿಟ್ಟಿದೆ. ಇವತ್ತೊಂದಿನ..."

"ಅದಕ್ಕೇನಂತೆ, ತಗೊಳ್ಳಿ ಸಾರ್."

ಮಾವಿನಕಾಯಿ ಹಾಗೇ ಅರ್ಧಕ್ಕೆ ನಿಲ್ಲುತ್ತಿತ್ತು. ಲೆಕ್ಕದ ಮೇಷ್ಟ್ರು ಅದನ್ನು ಅಳಿಸುವ ಗೋಜಿಗೂ ಹೋಗದೆ, ಅದೇ ಗೆರೆಯನ್ನು ವೃತ್ತದ ಕಂಸ ಮಾಡಿಕೊಂಡು ಎರಡು ಸ್ಪರ್ಶಕ ಎಳೆದು ಪ್ರಮೇಯ ಶುರುಮಾಡುತ್ತಿದ್ದರು. 'ಇವತ್ತೊಂದಿನ' ಎನ್ನುವುದು ಜೂನ್‌ನಿಂದ ಮಾರ್ಚ್‌ವರೆಗೆ ನಡೆಯುತ್ತಿತ್ತು. ಅಕ್ಕಪಕ್ಕದ ಮನೆಯವರು ಕಡ ಒಯ್ದ ಕಾಫಿಪುಡಿ, ಸಕ್ಕರೆಯಾದರೂ ಲೋಟದಲ್ಲಿ ತಲೆ ತಗ್ಗಿಸಿಕೊಂಡು ವಾಪಸು ಬರುತ್ತದೆ. ಕಡ ಕೊಟ್ಟ ಪೀರಿಯಡ್ಡು ಬಂದದ್ದನ್ನು ನಾನು ಕಾಣೆ. ಮಳೆ ಹಿಡಿದ ದಿನಗಳಲ್ಲಿ ಮಾತ್ರ ಯಾಕೋ ಲೆಕ್ಕದ ಮೇಷ್ಟ್ರು ಬರುತ್ತಿರಲಿಲ್ಲ. ನಾನು ಕಲಿತ ನಾಲ್ಕಾರು ಚಿತ್ರವೂ ಹೆಂಚಿನ ಮೇಲೆ ಮಳೆಯ ಸದ್ದು ಕೇಳುತ್ತ ಕಲಿತವು.

ನಮಗೆಲ್ಲ ಡ್ರಾಯಿಂಗ್ ಮೇಷ್ಟ್ರ ಮೇಲೆ ಅಪಾರ ಕನಿಕರ. ಸ್ಟಾಫ್ ರೂಮಿನಲ್ಲಿ ಅವರು ಕೂರುತ್ತಿದ್ದ ಜಾಗ ನೋಡಿದರೇ ಸಾಕಿತ್ತು. ನಡುವಿನ ಉದ್ದ ಮೇಜಿನ ಸುತ್ತ 'ಸಬ್ಜೆಕ್ಟ್' ಮೇಷ್ಟ್ರುಗಳು, ಫ್ಯಾನಿನ ಕೆಳಗೆ ಸೀನಿಯರ್ರು, ಕಿಟಕಿಯ ಬಳಿ ಹಿಂದಿ ಪಂಡಿತರು. ಬಾಗಿಲು ತೆರೆದರೆ ಬಾಗಿಲ ಹಿಂದೆ ಮರೆಯಾಗಿಬಿಡುವ ಮೂಲೆಯಲ್ಲಿ ಮೂರು ಕುರ್ಚಿ: ಒಂದು ಪಿ.ಟಿ. ಮೇಷ್ಟ್ರಿಗೆ, ಒಂದು ಹೊಲಿಗೆ ಟೀಚರಿಗೆ, ಒಂದು ಇವರಿಗೆ. ಇನ್ಸ್‌ಪೆಕ್ಟರು ಬಂದು ಬಾಗಿಲನ್ನು ಪೂರ್ತಿ ತೆರೆದು ನಿಂತರೆ ಈ ಮೂವರು ಅವರ ಕಣ್ಣಿಗೆ ಬೀಳುವ ಹಾಗೇ ಇರಲಿಲ್ಲ. ಈಗಲೂ ಎಸ್‌ಎಸ್‌ಎಲ್‌ಸಿಯ 625 ಅಂಕದಲ್ಲಿ ಚಿತ್ರಕಲೆಗೆ ಒಂದೇ ಒಂದು ಅಂಕವಿಲ್ಲ. ಅಂಕವಿಲ್ಲದ ವಿಷಯದ ಮೇಷ್ಟ್ರಿಗೆ ಫ್ಯಾನು ಯಾಕೆ?

ಹಾಗಂತ ಅವರಿಲ್ಲದೆ ಶಾಲೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಗೇಟಿನ ಪಕ್ಕದ ಕರಿಹಲಗೆಯ ಮೇಲೆ ದಿನದ ಸುಭಾಷಿತ, ಸ್ಪೋರ್ಟ್ಸಿಗೆ ಟ್ರ್ಯಾಕಿನ ಸುಣ್ಣ, ಸರ್ಟಿಫಿಕೇಟುಗಳಲ್ಲಿ ಹೆಸರು, ಸ್ಕೂಲ್ ಡೇಗೆ ಥರ್ಮೋಕೋಲು ಕೊರೆದು 'ಸುಸ್ವಾಗತ', ಗಣಪತಿ ಕೂರಿಸಲು ಮಂಟಪ, ಮಂತ್ರಿ ಬಂದರೆ ರಂಗೋಲಿ, ಎಲೆಕ್ಷನ್ನು ಬಂದರೆ ಮತಗಟ್ಟೆಯ ಬೋರ್ಡು. ವಿಜ್ಞಾನದ ಮೇಷ್ಟ್ರಿಗೆ ಕಪ್ಪೆಯ ಜೀರ್ಣಾಂಗವೂ ಇವರ ಕೈಯಿಂದಲೇ ಆಗಬೇಕು. ಜಯಂತಿಗಳಂತೂ ಸಾಲಾಗಿ ಬರುತ್ತಿದ್ದವು. ಗಾಂಧಿ, ನೆಹರೂ, ಅಂಬೇಡ್ಕರ್, ಕನಕದಾಸರು, ವಾಲ್ಮೀಕಿ, ವಿಶ್ವೇಶ್ವರಯ್ಯ, ಎಲ್ಲರನ್ನೂ ಕ್ಯಾಲೆಂಡರಿನ ಮೇಲೆ ಚೌಕ ಹಾಕಿ ನಾಲ್ಕಡಿಗೆ ಹಿಗ್ಗಿಸುತ್ತಿದ್ದರು. ಒಂದು ನವೆಂಬರಿನಲ್ಲಿ ಹೆಡ್‌ಮೇಷ್ಟ್ರು ಪಟದ ಮುಂದೆ ನಿಂತು, "ನೆಹರೂ ಕಿವಿ ಸ್ವಲ್ಪ ದೊಡ್ಡದಾಯ್ತೇನೋ ಮೇಷ್ಟ್ರೇ" ಅಂದರು. ಇವರು ಅಷ್ಟೇ ವಿನಯದಿಂದ, "ಮುಂದಿನ ವರ್ಷ ಸಣ್ಣ ಮಾಡ್ತೀನಿ ಸಾರ್" ಅಂದರು.

ಊರಿನವರ ಕೆಲಸ ಬೇರೆ. ಯಾರಾದರೂ ಹಿರಿಯರು ತೀರಿಕೊಂಡರೆ ತಿಥಿಯೊಳಗೆ ಗೋಡೆಗೆ ಪಟ ಬೇಕಲ್ಲ, ರೇಷನ್ ಕಾರ್ಡಿನ ಬೆರಳಗಲದ ಫೋಟೋ ಹಿಡಿದು ಮೇಷ್ಟ್ರ ಮನೆಗೆ ಬರುತ್ತಿದ್ದರು. ಹಾಗೆ ಬಂದ ಒಬ್ಬ ಮಗ, "ಸ್ವಲ್ಪ ನಗೋ ಹಂಗೆ ಮಾಡಿ ಸಾರ್" ಎಂದು ಕೇಳಿದನಂತೆ. "ನಿಮ್ಮ ತಂದೆ ನಗ್ತಿದ್ರಾ?" "ಒಂದಿನಾನೂ ಇಲ್ಲ ಸಾರ್. ಇನ್ಮೇಲಾದ್ರೂ ನಗಲಿ." ಮೇಷ್ಟ್ರು ನಗಿಸಿ ಕೊಟ್ಟರು. ಆ ಮನೆಗೆ ಮೊನ್ನೆ ಮೊನ್ನೆ ಹೋಗಿದ್ದೆ, ಮುದುಕರು ಇನ್ನೂ ನಗುತ್ತಿದ್ದಾರೆ.

ಇಷ್ಟೆಲ್ಲ ಮಾಡುವವರನ್ನು ಸಭೆಯಲ್ಲಿ ಪರಿಚಯಿಸುವಾಗ ಹೇಳುತ್ತಿದ್ದ ಮಾತು ಹೀಗೆ: "ಇವರು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಜೊತೆಗೆ ಚಿತ್ರಾನೂ ಬಿಡಿಸ್ತಾರೆ." ಈ 'ಜೊತೆಗೆ' ನನಗೆ ಆಗ ತಮಾಷೆಯಾಗಿ ಕೇಳುತ್ತಿರಲಿಲ್ಲ. ಲೆಕ್ಕದ ಮೇಷ್ಟ್ರು ಮನೆಗೆ ಹೋಗಿ ಸ್ವಂತದ್ದೊಂದು ಪ್ರಮೇಯ ಕಟ್ಟುತ್ತಾರೆಂದು ಯಾರೂ ನಿರೀಕ್ಷಿಸುವುದಿಲ್ಲ, ಕಟ್ಟದಿದ್ದರೆ ಕನಿಕರಪಡುವುದೂ ಇಲ್ಲ. ಕನ್ನಡ ಮೇಷ್ಟ್ರು ಒಂದು ಪದ್ಯ ಬರೆದು ತಾಲ್ಲೂಕು ಸಮ್ಮೇಳನದಲ್ಲಿ ಓದಿದರೆ ಮರುದಿನದಿಂದಲೇ 'ಕವಿಗಳು'. ಡ್ರಾಯಿಂಗ್ ಮೇಷ್ಟ್ರು ಮಾತ್ರ ಎಷ್ಟು ಬಿಡಿಸಿದರೂ 'ಜೊತೆಗೆ'ಯಲ್ಲೇ ಉಳಿಯುತ್ತಾರೆ. ಹಬ್ಬದ ಊಟದಲ್ಲಿ ಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ.

ಮಳೆಗಾಲದ ಒಂದು ಸೋಮವಾರ ಮೇಷ್ಟ್ರು ಮೇಜಿನ ಮೇಲೆ ಒಂದು ಬಕೆಟ್ಟು, ಪಕ್ಕದಲ್ಲಿ ಎರಡು ಬದನೆಕಾಯಿ ಇಟ್ಟು 'ವಸ್ತುಚಿತ್ರ' ಎಂದು ಬರೆದರು. ಅದು ಲೋಯರ್ ಪರೀಕ್ಷೆಗೆ ತಯಾರಿ. ಲೋಯರ್, ಹೈಯರ್ ಎಂದು ಎರಡು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿದ್ದವಲ್ಲ, ಅದರಲ್ಲಿ ಮೊದಲನೆಯದು. ಐವತ್ತು ಹುಡುಗರಿಗೆ ಒಂದು ಬಕೆಟ್ಟು. ನಾನು ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತೆಗೆದು ಬಕೆಟ್ಟಿನ ಬಾಯನ್ನು ದುಂಡಗೆ ಬರೆದೆ. ನನ್ನ ಜೀವಮಾನದ ಅತ್ಯುತ್ತಮ ವೃತ್ತ ಅದು.

"ಬಾಯಿ ದುಂಡಗಿದೆ ಅಂತ ಯಾರೋ ಹೇಳಿದ್ದು ನಿಂಗೆ?"

"ದುಂಡಗೇ ಇದೆ ಸಾರ್. ನಮ್ಮನೇಲೂ ಇದೆ."

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ನನ್ನನ್ನು ಎಬ್ಬಿಸಿ ಮುಂದಿನ ಬೆಂಚಿನ ಮೇಲೆ ನಿಲ್ಲಿಸಿದರು. "ಈಗ ನೋಡು." ಬಾಯಿ ಹೆಚ್ಚುಕಮ್ಮಿ ದುಂಡಗೇ ಇತ್ತು. "ಇಳಿ. ಕೂತ್ಕೊಂಡು ನೋಡು." ಬಾಯಿ ಒತ್ತಿದ ಹಾಗೆ ಮೊಟ್ಟೆಯಾಯಿತು. "ಕುಕ್ಕರಗಾಲಲ್ಲಿ ಕೂತು ಬಕೆಟ್ಟಿನ ಅಂಚಿಗೆ ಸರಿಯಾಗಿ ಕಣ್ಣು ತಾ." ತಂದೆ. ಬಾಯಿಯೇ ಇರಲಿಲ್ಲ. ಒಂದು ಗೆರೆ ಇತ್ತು, ಅಷ್ಟೇ. ಹುಟ್ಟಿದಂದಿನಿಂದ ಸ್ನಾನ ಮಾಡಿಕೊಂಡು ಬಂದ ಬಕೆಟ್ಟಿನ ಬಾಯಿ ಹೀಗೆ ಕಣ್ಣೆದುರೇ ಮಾಯವಾಗಿದ್ದು ನೋಡಿ ನನಗೆ ಸಣ್ಣಗೆ ಭಯವಾಯಿತು. "ನೀನು ಬರ್ದಿರೋದು ನಿಮ್ಮನೆ ಬಕೆಟ್ಟು. ಇಲ್ಲಿರೋದನ್ನ ಬರಿ" ಎಂದು ಹೇಳಿ ಮುಂದಕ್ಕೆ ಹೋದರು. ಪರೀಕ್ಷೆಯಲ್ಲಿ ನಾನು ಹೂಜಿಯ ಬಾಯನ್ನು ಸರಿಯಾಗಿ ಬರೆದು, ಹ್ಯಾಂಡಲ್ಲು ಮರೆತು, ಹೇಗೋ ಪಾಸಾದೆ. ಹೈಯರ್ ಕಡೆ ತಲೆ ಹಾಕಲಿಲ್ಲ.

ಈ ಬಕೆಟ್ಟು ನಮ್ಮ ಶಾಲೆಗೆ ಹಡಗಿನಲ್ಲಿ ಬಂದಿದ್ದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮದರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಡಾಕ್ಟರು ಕಲಾಶಾಲೆ ತೆರೆದ. ಬೊಂಬಾಯಿಯಲ್ಲಿ 1857ರಲ್ಲಿ ಜಮಶೇಟ್‌ಜಿ ಜೀಜೀಭಾಯ್ ಅವರ ದಾನದಿಂದ ಜೆ.ಜೆ. ಶಾಲೆ ಶುರುವಾಯಿತು. ಇಂಥ ಶಾಲೆಗಳಲ್ಲಿ ನಡೆದ ಪಾಠ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ಪದ್ಧತಿಯದು: ಮೊದಲು ನೇರ ಗೆರೆ, ಆಮೇಲೆ ಬಾಗು ಗೆರೆ, ಆಮೇಲೆ ಜ್ಯಾಮಿತಿ, ಆಮೇಲೆ ಎದುರಿಟ್ಟ ವಸ್ತು. ದೊರೆಗಳಿಗೆ ಬೇಕಿದ್ದದ್ದು ಕೈ ಪಳಗಿದ ಕಸಬುದಾರರು, ನಕಾಶೆ ಬರೆಯುವವರು. ರವಿವರ್ಮನಂಥವರು ಹುಟ್ಟಲಿ ಎಂಬ ಆಸೆಯೇನೂ ಅದರಲ್ಲಿ ಹೆಚ್ಚಿಗೆ ಇದ್ದ ಹಾಗಿಲ್ಲ. ಆ ಗೆರೆಯೇ ಗ್ರೇಡ್ ಪರೀಕ್ಷೆಯಾಗಿ, ಗ್ರೇಡ್ ಪರೀಕ್ಷೆಯೇ ಡ್ರಾಯಿಂಗ್ ಮೇಷ್ಟ್ರ ಹುದ್ದೆಗೆ ದಾರಿಯಾಗಿ, ಆ ದಾರಿಯಲ್ಲಿ ನಡೆದು ನಮ್ಮ ತಾಲ್ಲೂಕಿನ ಬದನೆಕಾಯಿಯ ಪಕ್ಕಕ್ಕೆ ಬಂದು ಕೂತಿತ್ತು. ದೊರೆಗಳು ಕಳಿಸಿದ್ದು ಬಕೆಟ್ಟು ಮಾತ್ರ. ಕುಕ್ಕರಗಾಲಲ್ಲಿ ಕೂರಿಸಿದ್ದು ನಮ್ಮ ಮೇಷ್ಟ್ರ ಕೈವಾಡ.

ಜೆ.ಜೆ. ಎಂದಾಗ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ನೆನಪಾಗದೆ ಇರುವುದಿಲ್ಲ. ಅವರು ಹುಡುಗನಾಗಿದ್ದಾಗ ಕ್ಲಾಸಿನಲ್ಲಿ ಎಲ್ಲರಿಗೂ ಒಂದು ಎಲೆ ಬರೆಯಲು ಹೇಳಿ, ಇವರು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿ, ನೀನು ಚಿತ್ರಗಾರನಾಗ್ತೀಯ ಎಂದರಂತೆ. ಮುಂದೆ ಅರ್ಜಿ ಹಾಕಿದಾಗ ಜೆ.ಜೆ. ಶಾಲೆಯವರು, ನಮ್ಮಲ್ಲಿ ಸೇರುವಷ್ಟು ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಕಾಣುತ್ತಿಲ್ಲ ಎಂದು ವಾಪಸು ಕಳಿಸಿದರು. ದೊಡ್ಡ ಕಲಾಶಾಲೆಗೆ ಕಾಣದ್ದು ಎಲೆ ಬರೆಸಿದ ಮೇಷ್ಟ್ರಿಗೆ ಕಂಡಿತ್ತು. ಈ ಕಥೆಯನ್ನು ನಮ್ಮ ಮೇಷ್ಟ್ರು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು. ಹೇಳಿ ಮುಗಿಸಿ ನಮ್ಮ ಎಲೆಗಳನ್ನೆಲ್ಲ ಒಂದೊಂದಾಗಿ ನೋಡಿ, ಏನೂ ಹೇಳದೆ ವಾಪಸು ಕೊಡುತ್ತಿದ್ದರು.

ಹತ್ತನೇ ಕ್ಲಾಸಿನ ಒಂದು ಜನವರಿ ಮಧ್ಯಾಹ್ನ. ಪೀರಿಯಡ್ಡು ಎಂದಿನಂತೆ ಲೆಕ್ಕಕ್ಕೆ ಹೋಗಿತ್ತು. ಹೆಡ್‌ಮೇಷ್ಟ್ರು ಯಾವುದೋ ರಿಜಿಸ್ಟರಿಗೆ ಸಹಿ ಬೇಕೆಂದು ಡ್ರಾಯಿಂಗ್ ಮೇಷ್ಟ್ರನ್ನು ಹುಡುಕಿಕೊಂಡು ಬರಲು ನನ್ನನ್ನು ಕಳಿಸಿದರು. ಸ್ಟಾಫ್ ರೂಮಿನಲ್ಲಿ ಇಲ್ಲ. ಬಾಗಿಲ ಹಿಂದೆಯೂ ಇಲ್ಲ. ಟೀ ಅಂಗಡಿಯಲ್ಲೂ ಇಲ್ಲ. ಕೊನೆಗೆ ಲ್ಯಾಬಿನ ಹಿಂದೆ, ಹೊಂಗೆಮರದ ಬುಡದಲ್ಲಿ ಮುರಿದ ಡೆಸ್ಕೊಂದರ ಮೇಲೆ ಕೂತಿದ್ದರು. ತೊಡೆಯ ಮೇಲೆ ಪರೀಕ್ಷೆಯ ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆ. ನೀರಿಗೆ ತೆಂಗಿನ ಚಿಪ್ಪು. ಬಣ್ಣ ಕಲಸಲು ಮನೆಯಿಂದ ತಂದ, ಅಂಚು ಒಡೆದ ಪಿಂಗಾಣಿ ಸಾಸರು.

ಎದುರಿಗೆ ಇದ್ದದ್ದು ಸೈಕಲ್ ಸ್ಟ್ಯಾಂಡು. ಜಿಂಕ್ ಶೀಟಿನ ಮಾಡು, ಅದರ ಕೆಳಗೆ ಅಟ್ಲಾಸು, ಹೀರೋ ಎಲ್ಲ ಒಂದರ ಮೇಲೊಂದು ಒರಗಿದ್ದವು. ಶೀಟಿನ ತೂತುಗಳಿಂದ ಬಿಸಿಲು ನಾಣ್ಯ ನಾಣ್ಯವಾಗಿ ಬಿದ್ದಿತ್ತು. ಹಾಳೆಯಲ್ಲಿ ಸೈಕಲ್ಲುಗಳೇ ಇರಲಿಲ್ಲ. ಒಂದು ನೀಲಿಬೂದು ನೆರಳಿನ ರಾಶಿ ಇತ್ತು. ಅದರೊಳಗೆ ಅಲ್ಲಲ್ಲಿ ಬಣ್ಣ ತಾಗಿಸದೆ ಬಿಟ್ಟ ಚುಕ್ಕೆಗಳು. ನಾನು ನೋಡುತ್ತ ನಿಂತ ಹಾಗೆ ಮೇಷ್ಟ್ರು ಸಣ್ಣ ಬ್ರಷ್ಷಿನಲ್ಲಿ ಎರಡು ಕಡ್ಡಿ, ಅರ್ಧ ಚಕ್ರ ಎಳೆದರು. ಆ ರಾಶಿಯೆಲ್ಲ ಸೈಕಲ್ಲಾಗಿಬಿಟ್ಟಿತು.

"ಬಿಳಿ ಬಣ್ಣ ಹಾಕಿಲ್ಲವಾ ಸಾರ್?" ಎಂದೆ. ನಮ್ಮ ಕ್ಯಾಮೆಲ್ ಪೆಟ್ಟಿಗೆಯಲ್ಲಿ ಬಿಳಿಯ ಬಿಲ್ಲೆ ಒಂದಿತ್ತಲ್ಲ, ಅದಕ್ಕೂ ಏನಾದರೂ ಕೆಲಸವಿರಬೇಕು ಎಂದು ನನ್ನ ನಂಬಿಕೆ.

"ನೀರುಬಣ್ಣದಲ್ಲಿ ಬಿಳಿ ಹಾಕೋದಲ್ಲ ಕಣೋ, ಬಿಡೋದು. ಎಲ್ಲಿ ಬಿಡಬೇಕು ಅಂತ ಮೊದಲೇ ಗೊತ್ತಿರಬೇಕು. ಆಮೇಲೆ ನೆನಪಾದ್ರೆ ಆಯ್ತು ಕಥೆ." ಕೈಗಡಿಯಾರ ನೋಡಿಕೊಂಡರು. "ಹನ್ನೆರಡು ನಿಮಿಷ ಇದೆ. ಹೆಡ್‌ಮಾಸ್ಟರಿಗೆ ಹೇಳು, ಹುಡುಕ್ತಾ ಇದೀನಿ ಅಂತ."

"ನೀವು ಸಿಕ್ಕಿದೀರಲ್ಲ ಸಾರ್?"

"ಹನ್ನೆರಡು ನಿಮಿಷ ಹುಡುಕೋ, ಮರಿ."

ಹುಡುಕುತ್ತ ಅಲ್ಲೇ ಕೂತೆ. ನಮ್ಮ ಶಾಲೆಯ ಬೆಲ್ಲೆಂದರೆ ಬೇವಿನ ಕೊಂಬೆಗೆ ತೂಗುಬಿಟ್ಟ ಒಂದು ತುಂಡು ರೈಲು ಕಂಬಿ. ಪ್ಯೂನು ಅದಕ್ಕೆ ಬಡಿದ ಸದ್ದು ಬಂದದ್ದೇ ತಡ ಮೇಷ್ಟ್ರು ಬ್ರಷ್ಷನ್ನು ಚಿಪ್ಪಿನಲ್ಲಿ ಅದ್ದಿ ಎತ್ತಿಬಿಟ್ಟರು. ಎಡಗಡೆಯ ಕಂಬವೊಂದು ಅರ್ಧಕ್ಕೇ ನಿಂತಿತ್ತು. ಅದನ್ನು ಮುಟ್ಟಲಿಲ್ಲ. ಹಾಳೆ ತಿರುಗಿಸಿ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆದು, ಅದರ ಕೆಳಗೆ '10-ಬಿ, 5ನೇ ಪೀರಿಯಡ್, ಲೆಕ್ಕ' ಎಂದು ಬರೆದರು. ನಮ್ಮ ಕನಿಕರವೆಲ್ಲ ಆ ಒಂದು ಸಾಲಿನಲ್ಲಿ ದಂಡವಾಗಿಹೋಯಿತು. ಮೂರು ವರ್ಷ ನಾವು ಯಾರನ್ನು ಪಾಪ ಎಂದುಕೊಂಡಿದ್ದೆವೋ ಅವರು ಇಲ್ಲಿ ಹೊಂಗೆ ನೆರಳಲ್ಲಿ ಕೂತು ನಮ್ಮನ್ನು ಲೆಕ್ಕಕ್ಕೆ ಮಾರಿಕೊಂಡು ಚಿತ್ರ ಕೊಳ್ಳುತ್ತಿದ್ದರು!

ಅದೇ ವರ್ಷ ಮೈಸೂರಿಗೆ ಟ್ರಿಪ್ಪು. ಮೃಗಾಲಯ, ಚಾಮುಂಡಿಬೆಟ್ಟ, ಅರಮನೆ ಮುಗಿಸಿ ಜಗನ್ಮೋಹನ ಅರಮನೆಗೆ ಹೋದಾಗ ಎಲ್ಲರಿಗೂ ಹಸಿವು. ಅಲ್ಲಿ ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಅದರ ಮುಂದೆ ಮೇಷ್ಟ್ರು ಬೇರು ಬಿಟ್ಟರು. ಅದು ರವಿವರ್ಮನದೆಂದು ಎಷ್ಟೋ ಜನ ಈಗಲೂ ಹೇಳುತ್ತಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. "ಎಣ್ಣೆಬಣ್ಣ ಅಲ್ಲ ಕಣ್ರೋ, ನೀರುಬಣ್ಣ" ಎಂದು ಮೇಷ್ಟ್ರು ಪಿಸುಗುಟ್ಟಿದರು, ದೇವರ ಗುಡಿಯಲ್ಲಿ ಮಾತಾಡುವ ಹಾಗೆ. ಬೆರಳ ಸಂದಿಯ ಕೆಂಪನ್ನು ತೋರಿಸಿ, "ಇಲ್ಲಿ ಬೆಳಕು ಬಳಿದಿಲ್ಲ, ಬಿಟ್ಟಿದಾರೆ" ಅಂದರು. ಆ ಮಾತು ಅರ್ಥವಾಗುವಷ್ಟು ಗುಟ್ಟು ತಿಳಿದಿದ್ದವನು ಅಲ್ಲಿ ನಾನೊಬ್ಬನೇ. ಹೊರಗೆ ಬಸ್ಸಿನ ಡ್ರೈವರು ಹಾರನ್ ಬಾರಿಸಿ ಬಾರಿಸಿ ಸಾಕಾಗಿ ಕೊನೆಗೆ ಒಳಗೇ ಬಂದ. ಅವನೂ ಆ ದೀಪದ ಮುಂದೆ ಐದು ನಿಮಿಷ ನಿಂತ. ಊಟ ತಣ್ಣಗಾಯಿತು.

ಪಾಠ ಹೇಳುವವನು ಪಟ ಬರೆಯಲಾರ ಎಂಬ ಒಂದು ಮಾತು ಕಲಾವಿದರ ನಡುವೆ ಆಗಾಗ ಬರುತ್ತದೆ. ದಿನವಿಡೀ ಮಕ್ಕಳ ಗುಡ್ಡ, ಸೂರ್ಯ, ತೆಂಗಿನಮರ ನೋಡಿ ನೋಡಿ ಕೈ ಕೆಡುತ್ತದೆ ಎಂಬ ವಾದ. ನನಗೆ ಇದು ಅಷ್ಟಾಗಿ ಹಿಡಿಸಿಲ್ಲ. ಅಮೆರಿಕದ ಜಾರ್ಜಿಯಾ ಓ'ಕೀಫ್ ದೊಡ್ಡ ಹೂಗಳನ್ನು ಬರೆದು ಹೆಸರಾಗುವ ಎಷ್ಟೋ ಮೊದಲು, 1912ರಿಂದ 1914ರವರೆಗೆ, ಟೆಕ್ಸಸ್ಸಿನ ಅಮರಿಲೋ ಎಂಬ ಬಯಲುಸೀಮೆ ಊರಿನ ಶಾಲೆಗಳಲ್ಲಿ ಚಿತ್ರ ಕಲಿಸುತ್ತಿದ್ದರು. ನೋಡಿ ನಕಲು ಮಾಡುವ ಡ್ರಾಯಿಂಗ್ ಪುಸ್ತಕವನ್ನು ಮಕ್ಕಳಿಂದ ಕೊಳ್ಳಿಸಬೇಕು ಎಂದು ಮೇಲಿನವರು ಹೇಳಿದರೆ, ಆಗಲ್ಲ ಎಂದು ಜಗಳ ಕಾದರು. ನಮ್ಮಲ್ಲೇ ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದ್ ಗಾಂಧೀಜಿಯ ಸೇವಾಗ್ರಾಮದ ನಯೀ ತಾಲೀಮ್ ಶಾಲೆಗೆ 1944ರಲ್ಲಿ ಹೋಗಿ, ಮಕ್ಕಳಿಗೆ ಕಲೆ ಕಲಿಸುತ್ತ ಹದಿನೆಂಟು ವರ್ಷ ಇದ್ದರು. ಅವರು ಹೆಸರಾಂತ ಕುಂಬಾರ ಕಲಾವಿದರು. ಮಕ್ಕಳ ಜೊತೆ ಇದ್ದದ್ದರಿಂದ ಅವರ ಗಡಿಗೆಯೇನೂ ಸೊಟ್ಟಗಾಗಲಿಲ್ಲ. ಆದರೆ ಕೆಲಸ ಚಿತ್ರವನ್ನು ಬದಲಿಸುವುದಂತೂ ನಿಜ. ಎಷ್ಟು ದೊಡ್ಡ ಹಾಳೆ, ಎಂಥ ಬಣ್ಣ, ಎಷ್ಟು ಗೆರೆ ಎನ್ನುವುದನ್ನೆಲ್ಲ ಟೈಮ್‌ಟೇಬಲ್ಲೇ ತೀರ್ಮಾನಿಸಿಬಿಡುತ್ತದೆ.

ಇದು ನನಗೆ ಹೊಳೆದದ್ದು ಬೆಂಗಳೂರಿನಲ್ಲಿ, ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗಿನಲ್ಲಿ. ಮ್ಯಾಥ್ಸ್ ಟೀಚರ ಮುಂದೆ ತಿರುಪತಿಯ ಕ್ಯೂ. ಆರ್ಟ್ ಟೀಚರ ಮುಂದೆ ಖಾಲಿ ಕುರ್ಚಿ. ಹಳೇ ಋಣ ಎಳೆಯಿತು, ಹೋಗಿ ಕೂತೆ. ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಪ್ರಶ್ಯನ್ ನೀಲಿ ಹಾಗೇ ಇತ್ತು. ನನ್ನ ಮಗಳ ಬಗ್ಗೆ ಅವರಿಗೂ ಹೇಳಲು ಹೆಚ್ಚೇನಿರಲಿಲ್ಲ, ನನಗೂ ಕೇಳಲು ಇರಲಿಲ್ಲ. "ಮೇಡಂ, ನೀವು ಯಾವಾಗ ಪೇಂಟ್ ಮಾಡ್ತೀರಿ?" ಎಂದೆ.

"ರಾತ್ರಿ ಹತ್ತಾದ್ಮೇಲೆ ಸಾರ್. ಡೈನಿಂಗ್ ಟೇಬಲ್ ಮೇಲೆ. ಅದಕ್ಕೇ ಅಕ್ರಿಲಿಕ್ ಹಿಡಿದೆ, ಬೆಳಗ್ಗೆ ತಿಂಡಿ ಹೊತ್ತಿಗೆ ಒಣಗಿರುತ್ತೆ. ಆಯಿಲ್ ಅಂದ್ರೆ ಒಂದು ವಾರ ಎಲ್ಲರೂ ನೆಲದ ಮೇಲೆ ಊಟ ಮಾಡಬೇಕು. ಅತ್ತೆಗೆ ಮಂಡಿನೋವು."

ಅವರ ಶೈಲಿಯನ್ನು ವಿಮರ್ಶಕರು ಯಾರಾದರೂ ಮುಂದೊಂದು ದಿನ ವಿವರಿಸಿದರೆ ಈ ಮಂಡಿನೋವನ್ನು ಬಿಡಬಾರದು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನವರ ಚಿತ್ರಸಂತೆ ನಡೆದಾಗ ಕುಮಾರಕೃಪಾ ರಸ್ತೆಯ ಮರಗಳ ಕೆಳಗೆ ಅಂಥವರು ಎಷ್ಟೋ ಮಂದಿ ಕಣ್ಣಿಗೆ ಬೀಳುತ್ತಾರೆ. ಒಬ್ಬರು ಕ್ಯಾನ್‌ವಾಸುಗಳನ್ನು ಕಾಂಪೌಂಡಿಗೆ ಒರಗಿಸಿ, ಮಡಿಸುವ ಸ್ಟೂಲಿನ ಮೇಲೆ ಕೂತು ಕೆಂಪು ಪೆನ್ನಿನಲ್ಲಿ ಮಕ್ಕಳ ಡ್ರಾಯಿಂಗ್ ಪುಸ್ತಕ ತಿದ್ದುತ್ತಿದ್ದರು. ಗಿರಾಕಿ ಬಂದು "ಫ್ರೇಮ್ ಸೇರಿಯಾ?" ಎಂದರೆ ತಲೆಯೆತ್ತಿ "ಸೇರಿ" ಎನ್ನುವುದು, ಮತ್ತೆ ಪುಟ ತಿರುಗಿಸಿ 'ಗುಡ್' ಹಾಕುವುದು. ಸೋಮವಾರ ಪುಸ್ತಕ ವಾಪಸು ಕೊಡಬೇಕಲ್ಲ.

ನಮ್ಮ ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಯಿತು. ಅವರ ಬೀಳ್ಕೊಡುಗೆಗೆ ಹೋಗಲು ನನಗಾಗಿರಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಮಾನಪತ್ರವನ್ನೂ ಕೊಟ್ಟರಂತೆ. ಅಷ್ಟು ಚೆಂದವಾಗಿ ಅಕ್ಷರ ಬರೆಯುವವರು ಊರಿನಲ್ಲಿ ಒಬ್ಬರೇ ಇದ್ದದ್ದು. ಒಂದು ವಾರ ಮುಂಚೆ ಆಗಿನ ಹೆಡ್‌ಮೇಷ್ಟ್ರು ಇವರನ್ನೇ ಕರೆದು, "ಒಂದು ಮಾನಪತ್ರ ಬರೀಬೇಕು ಸಾರ್. ಹೆಸರಿನ ಜಾಗ ಮಾತ್ರ ಖಾಲಿ ಬಿಡಿ, ಅದು ಸರ್‌ಪ್ರೈಸು" ಎಂದರಂತೆ. ಬಿಟ್ಟರು. ಎಲ್ಲಿ ಬಿಡಬೇಕು ಎಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಹೋದ ವರ್ಷ ಊರಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ಹೈಸ್ಕೂಲಿನ ಹಿಂದಿನ ಬೀದಿ. ಮೇಷ್ಟ್ರು ಇಳಿದುಹೋಗಿದ್ದರು, ಕಣ್ಣು ಮಾತ್ರ ಹಾಗೇ ಇತ್ತು. "ಬಕೆಟ್ ಬಾಯಿ ದುಂಡಗೆ ಬರ್ದೋನಲ್ವೇನೋ ನೀನು" ಅಂದರು. ನಲವತ್ತು ವರ್ಷದಿಂದ ಬ್ಯಾಂಕಿನಲ್ಲಿ, ಮನೆಯಲ್ಲಿ ಏನೇನೋ ಆಗಿದ್ದೇನೆ, ಇವರ ಲೆಕ್ಕದಲ್ಲಿ ನಾನು ಅಷ್ಟೇ.

ಮಂಚದ ಕೆಳಗಿನಿಂದ ಟ್ರಂಕು ಎಳೆದರು. ಒಳಗೆ ಒಂದೇ ಅಳತೆಯ ಹಾಳೆಗಳು, ಇಂಪೀರಿಯಲ್ ಹಾಳೆಯನ್ನು ಎಂಟು ಮಾಡಿದ ಅರೆಕಾಲು. ಅದಕ್ಕಿಂತ ದೊಡ್ಡದು ನಲವತ್ತು ನಿಮಿಷಕ್ಕೆ ಆಗುವುದಿಲ್ಲ. ಪಂಪ್‌ಹೌಸು, ಸಂತೆಮಾಳ, ಬಿಸಿಲಿಗೆ ಒಣಹಾಕಿದ ರಾಗಿ, ಮೂಲೆಯಲ್ಲಿ ಒಂದು ಕಾಲು ಮಾತ್ರ ಕಾಣುವ ಎಮ್ಮೆ. ಬಹುತೇಕ ಎಲ್ಲದರಲ್ಲೂ ಏನೋ ಒಂದು ಅರ್ಧಕ್ಕೆ ನಿಂತಿತ್ತು. ಅದರಿಂದಲೇ ಅವಕ್ಕೆ ಒಂದು ಉಸಿರು ಬಂದಿತ್ತು ಎಂದು ನನಗನ್ನಿಸುತ್ತದೆ, ಕಲೆಯ ವಿಷಯ ನನಗೆ ಏನೂ ತಿಳಿಯದಿದ್ದರೂ. ಒಂದೊಂದನ್ನೇ ತಿರುಗಿಸಿದೆ. '8-ಎ, 6ನೇ ಪೀರಿಯಡ್, ವಿಜ್ಞಾನ.' '9-ಬಿ, 5ನೇ ಪೀರಿಯಡ್, ಲೆಕ್ಕ.' ಲೆಕ್ಕ, ಲೆಕ್ಕ, ಲೆಕ್ಕ. ತಾರೀಖುಗಳನ್ನು ನೋಡುತ್ತ ಹೋದ ಹಾಗೆ, ಜೂನ್, ಜುಲೈ, ಆಗಸ್ಟಿನವು ಒಂದು ಕೈಬೆರಳಿನಲ್ಲಿ ಎಣಿಸುವಷ್ಟೂ ಇಲ್ಲ ಎಂಬುದು ಗಮನಕ್ಕೆ ಬಂತು.

"ಮಳೆಗಾಲದವು ಯಾಕೆ ಸಾರ್ ಇಲ್ಲ?"

"ಮಳೇಲಿ ಎಲ್ಲಿ ಕೂರೋದು? ಹಾಳೆನೂ ಒಣಗಲ್ಲ. ಅದಕ್ಕೇ ಲೆಕ್ಕದವರು ಬರ್ತಿರ್ಲಿಲ್ಲ."

ನಾನು ಕೈಯಲ್ಲಿದ್ದ ಎಮ್ಮೆಯನ್ನು ಹಿಡಿದೇ ಕೂತೆ. "ಅವರಿಗೆ ಗೊತ್ತಿತ್ತಾ?"

"ಬೆಳಗ್ಗೆ ಪ್ರೇಯರಿನಲ್ಲೇ ನಿಂತು ಆಕಾಶ ನೋಡಿ ನನ್ನ ಮುಖ ನೋಡೋರು. 'ಇವತ್ತು ಬಿಸಿಲು ಚೆನ್ನಾಗಿ ಬರೋ ಹಾಗಿದೆ, ಪೋರ್ಷನ್ನು ಹಿಂದೆ ಬಿದ್ದಿದೆಯೋ ಹ್ಯಾಗೆ?' ಅನ್ನೋರು. ಪುಣ್ಯಾತ್ಮರು. ಅವರ ಪೋರ್ಷನ್ನು ಡಿಸೆಂಬರಿಗೇ ಮುಗಿದಿರ್ತಿತ್ತು."

ಒಳಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಮೂರಡಿ ನಾಲ್ಕಡಿಯ ಕ್ಯಾನ್‌ವಾಸೊಂದು ನಿಂತಿತ್ತು. ರಿಟೈರಾದ ವರ್ಷ, ಇನ್ನು ದಿನವೆಲ್ಲ ನನ್ನದೇ ಎಂಬ ಹುರುಪಿನಲ್ಲಿ ತಂದದ್ದಂತೆ. ಹೊಂಗೆಮರ. ಎಷ್ಟು ಸಲ ತಿದ್ದಿದ್ದರೋ, ಬಣ್ಣ ಬೆರಳಿನ ದಪ್ಪ ಕೂತು ಮರ ಬಂಡೆಯ ಹಾಗೆ ಕಾಣುತ್ತಿತ್ತು. "ಮೂರು ವರ್ಷ ಬರ್ದೆ. ಮುಗೀಲೇ ಇಲ್ಲ. ಸಾಕು ಅನ್ನೋರು ಯಾರಿದಾರೆ? ಬೆಳಗ್ಗೆ ಎದ್ದು ಒಂದು ಎಲೆ ಬರೆಯೋದು, ಸಾಯಂಕಾಲ ಅದನ್ನ ಅಳಿಸೋದು." ಅದರ ಮೇಲೆ ಈಗ ಅಮ್ಮಾವರು ಟವೆಲು ಒಣಗಿಸುತ್ತಿದ್ದರು.

ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಕಿರ್ರನೆ ಸದ್ದು ಬಂತು. ಶಾಲೆಗೆ ಈಗ ಕರೆಂಟಿನ ಬೆಲ್ಲು. ಮೇಷ್ಟ್ರು ಮಾತನ್ನು ಅಲ್ಲೇ ಬಿಟ್ಟು ಎದ್ದರು. ಕಿಟಕಿಯ ಬಳಿ ಕುರ್ಚಿ, ರಟ್ಟು, ಅರೆಕಾಲು ಹಾಳೆ, ಚಿಪ್ಪಿನ ಬದಲು ಸ್ಟೀಲಿನ ಲೋಟ. ಸಾಸರು ಮಾತ್ರ ಅದೇ. "ಕೂತಿರು. ನಾಲ್ಕನೇ ಪೀರಿಯಡ್ಡು" ಎಂದು ಆಚೆ ತಿರುಗಿ ಕೂತರು. ಎದುರುಮನೆಯ ತಾರಸಿಯ ಮೇಲೆ ಯಾರೋ ಹಪ್ಪಳ ಒಣಗಿಸಿದ್ದರು.

ಅಮ್ಮಾವರು ಕಾಫಿ ತಂದು, ನನಗೊಂದು ಲೋಟ ಕೊಟ್ಟು, ಮೇಷ್ಟ್ರದ್ದನ್ನು ಮೇಜಿನ ಮೇಲಿಟ್ಟು ತಟ್ಟೆ ಮುಚ್ಚಿದರು. "ಬೆಲ್ ಆಗೋವರ್ಗೂ ಮುಟ್ಟಲ್ಲ. ನೀವು ಕುಡೀರಿ" ಎಂದು ಮೆಲ್ಲಗೆ ಹೇಳಿ ಹೋದರು. ನಾನು ಕುಡಿದು, ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟು, ಹಪ್ಪಳಗಳು ಒಂದೊಂದಾಗಿ ಹಾಳೆಯ ಮೇಲೆ ಬರುವುದನ್ನು ನೋಡುತ್ತ ಕೂತೆ. ಒಂದೂ ದುಂಡಗಿರಲಿಲ್ಲ.

ಮತ್ತೆ ಬೆಲ್ಲಾಯಿತು. ಕೊನೆಯ ಸಾಲಿನ ಹಪ್ಪಳಗಳು ಹಾಳೆಯ ಬಿಳಿಯಾಗಿಯೇ ಉಳಿದವು. ಮೇಷ್ಟ್ರು ಬ್ರಷ್ಷು ತೊಳೆದಿಟ್ಟು, ಹಾಳೆ ತಿರುಗಿಸಿ, ತಾರೀಖು ಬರೆದು, '4ನೇ ಪೀರಿಯಡ್' ಎಂದು ಬರೆದರು. ಪೆನ್ಸಿಲು ಅಲ್ಲಿಗೆ ನಿಂತಿತು. ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ಅದರ ಹಿಂದೆ '9-ಬಿ' ಎಂದು ಸೇರಿಸಿದರು. ಆಮೇಲೆ ತಟ್ಟೆ ಸರಿಸಿ ಕಾಫಿ ಎತ್ತಿಕೊಂಡರು.